ಹೆಬ್ಬೆರಳಿನಿಂದ ಶುರುವಾದದ್ದು

ಬೆಳಿಗ್ಗೆ ಎದ್ದು ಬಲಗಾಲನ್ನು ನೆಲಕ್ಕೆ ಊರಿದವಳು ಕೂಗಿಕೊಂಡು ಮತ್ತೆ ಮಂಚದ ಮೇಲೆ ಕೂತುಬಿಟ್ಟೆ. ಹೆಬ್ಬೆರಳಿನ ಬುಡ ಕೆಂಪಗೆ ಊದಿಕೊಂಡು, ಮೇಲಿನ ಚರ್ಮ ಬಿಗಿದು ಮಿರುಗುತ್ತಿತ್ತು. ಚೇಳು ಕುಟುಕಿರಬೇಕು ಅನ್ನಿಸಿತು. ಹೊದಿಕೆ ಕೊಡವಿ ನೋಡಿದೆವು, ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿದೆವು, ಏನೂ ಇರಲಿಲ್ಲ. ನನ್ನ ಗಂಡ ಬಗ್ಗಿ ಬೆರಳನ್ನು ಮುಟ್ಟಲು ಬಂದರೆ, ಅವರ ಕೈ ಇನ್ನೂ ಗೇಣುದ್ದ ದೂರವಿರುವಾಗಲೇ ನಾನು ಕಿರುಚಿದೆ. ಫ್ಯಾನಿನ ಗಾಳಿ ಸೋಕಿದರೂ ಕೆಂಡ ಇಟ್ಟಂತಾಗುತ್ತಿತ್ತು.

ಆ ಹೊತ್ತಿಗೆ ನಾನು ಡೈರಿಯಲ್ಲಿರಬೇಕಿತ್ತು. ದೇವನಹಳ್ಳಿಗೆ ಹತ್ತಿರದ ನಮ್ಮೂರಿನ ಮಹಿಳಾ ಹಾಲು ಸಂಘಕ್ಕೆ ನಾನು ಕಾರ್ಯದರ್ಶಿ. ಬೆಳಗಾಗುವ ಮೊದಲೇ ಹೆಂಗಸರು ಕ್ಯಾನು ಹಿಡಿದು ಬಂದು ನಿಂತಿರುತ್ತಾರೆ. ಒಬ್ಬೊಬ್ಬರ ಹಾಲನ್ನೂ ಅಳೆದು, ಒಂದಿಷ್ಟು ಸ್ಯಾಂಪಲ್ ತೆಗೆದು ಯಂತ್ರಕ್ಕಿಟ್ಟು, ಕೊಬ್ಬಿನಂಶ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಆವತ್ತು ಬರಲಾಗುವುದಿಲ್ಲ ಎಂದು ಫೋನು ಮಾಡಲೂ ನನಗೆ ಹೊಳೆಯಲಿಲ್ಲ. ಹೆಬ್ಬೆರಳು ಸುಡುತ್ತಿದ್ದರೂ ನನ್ನ ಕೈ ಹೋಗಿ ನಿಂತದ್ದು ಹೊಟ್ಟೆಯ ಬಲಭಾಗದ ಮೇಲೆ. ಅಲ್ಲಿ, ತೊಡೆಸಂದಿಗಿಂತ ಸ್ವಲ್ಪ ಮೇಲೆ, ನನ್ನ ಅಕ್ಕನ ಕಿಡ್ನಿ ಇದೆ.

ಅದು ನನ್ನ ಹೊಟ್ಟೆ ಸೇರಿ ಆಗ ಎರಡು ವರ್ಷ ಕಳೆದಿತ್ತು. ಅದಕ್ಕೂ ಮುಂಚೆ ವರ್ಷಕ್ಕಿಂತ ಹೆಚ್ಚು ಕಾಲ ಡಯಾಲಿಸಿಸ್ ಮಾಡಿಸಿಕೊಂಡಿದ್ದೆ. ನನ್ನ ಕಿಡ್ನಿಗಳು ಯಾಕೆ ಹಾಳಾದವು ಎಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ಪತ್ತೆಯಾಗುವಷ್ಟರಲ್ಲಿ ಎರಡೂ ಸುರುಟಿ ಸಣ್ಣಗಾಗಿದ್ದವು. ಅಮ್ಮ ಕೊಡುತ್ತೇನೆಂದಳು, ಆದರೆ ಅವಳಿಗೆ ಸಕ್ಕರೆ ಕಾಯಿಲೆ. ನನ್ನ ಗಂಡನ ರಕ್ತದ ಗುಂಪು ಹೊಂದಲಿಲ್ಲ. ಆಗ ತ್ಯಾಮಗೊಂಡ್ಲು ಕಡೆ ಕೊಟ್ಟಿರುವ ನನ್ನ ಅಕ್ಕ ಬಂದು ನಿಂತಳು. ಅವಳ ಗಂಡನ ಮನೆಯವರು ಬೇಡವೆಂದರು, ತೋಟದ ಕೆಲಸ ಯಾರು ಮಾಡುತ್ತಾರೆ ಅಂದರು. ಅಕ್ಕ ಎಲೆಯಡಿಕೆ ಅಗಿಯುತ್ತಲೇ, "ಎರಡೆರಡು ಇಟ್ಕೊಂಡು ನಾನೇನ್ ಮಾಡ್ಲಿ? ಒಂದು ಅವಳಿಗಿರ್ಲಿ ಬಿಡಿ," ಎಂದಳಂತೆ. ಆಪರೇಷನ್ ಆದಮೇಲೆ ಅವಳು ಫೋನಿನಲ್ಲಿ ನನ್ನ ಯೋಗಕ್ಷೇಮ ಕೇಳುವ ಮೊದಲು ಕೇಳುವುದು ಒಂದೇ ಮಾತು. "ನಂದು ಹೆಂಗೈತೆ?"

ಬೇರೆಯವರ ಅಂಗ ಇಟ್ಟುಕೊಂಡು ಬದುಕುವವರಿಗೆ ಒಂದು ಪದದ ಭಯ ಇರುತ್ತದೆ, ರಿಜೆಕ್ಷನ್. ಮೈಯೊಳಗಿನ ಕಾವಲುಗಾರರು ಇದು ನಮ್ಮದಲ್ಲ ಎಂದು ಗುರುತು ಹಿಡಿದು ಆ ಕಿಡ್ನಿಯ ಮೇಲೆ ಬೀಳುವುದು. ಆ ಕಾವಲುಗಾರರನ್ನು ಮಂಪರಿನಲ್ಲಿಡಲು ಬೆಳಿಗ್ಗೆ ಸಂಜೆ ಮಾತ್ರೆ ನುಂಗಬೇಕು, ಬದುಕಿರುವವರೆಗೂ. ಸಣ್ಣ ಜ್ವರ, ಸ್ವಲ್ಪ ಕೆಮ್ಮು, ಒಂದು ದಿನ ಮೂತ್ರ ಕಡಿಮೆ ಹೋದದ್ದು, ಏನೇ ಆದರೂ ನನ್ನ ಎದೆ ಧಸಕ್ ಎನ್ನುತ್ತಿತ್ತು. ಮನೆಯಲ್ಲಿ ಯಾರೂ ಆ ಪದ ಎತ್ತುತ್ತಿರಲಿಲ್ಲ. ಆ ಬೆಳಿಗ್ಗೆಯೂ ಯಾರೂ ಎತ್ತಲಿಲ್ಲ.

ನಮ್ಮತ್ತೆ ಬಾಗಿಲಲ್ಲಿ ನಿಂತು ಮಗನಿಗೆ, "ಮೆಡಿಕಲ್ ಶಾಪಿನಾಗೆ ಒಂದು ನೋವಿನ್ ಮಾತ್ರೆ ತಗೊಂಬಾರೋ, ಪಾಪ ಒದ್ದಾಡ್ತಾವ್ಳೆ," ಎಂದರು.

"ಬೇಡ!" ಎಂದು ನಾನು ಕೂಗಿದ ರೀತಿಗೆ ಅವರು ಹಿಂದೆ ಸರಿದರು. ಅಂಗಡಿಯ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಸತ್ತರೂ ತಗೋಬಾರದು ಎಂದು ಆಸ್ಪತ್ರೆಯಲ್ಲಿ ನಮ್ಮ ಕಿವಿ ತೂತಾಗುವಷ್ಟು ಸಲ ಹೇಳಿದ್ದರು. ನನ್ನ ಗಂಡ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಪಾಳಿ ಕೆಲಸ ಮಾಡುವವರು. ರಜೆ ಹೇಳಿ, ಪಕ್ಕದ ಮನೆಯವರ ಕಾರು ತಂದು, ನನ್ನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾಲನ್ನು ದಿಂಬಿನ ಮೇಲಿಟ್ಟುಕೊಂಡಿದ್ದೆ. ಊರು ದಾಟುವವರೆಗಿನ ಒಂದೊಂದು ಹಂಪೂ ಬೆರಳಿನಿಂದ ನೆತ್ತಿಗೆ ಹೊಡೆಯುತ್ತಿತ್ತು. ಹೈವೇ ಸೇರಿದ ಮೇಲೆ ಕಣ್ಣು ಮುಚ್ಚಿ, "ಹೋಗಬೇಡ, ಇಲ್ಲೇ ಇರು," ಎಂದು ಹೊಟ್ಟೆ ನೇವರಿಸಿಕೊಂಡು ಮಾತಾಡುತ್ತಿದ್ದೆ. ನನಗೆ ಹುಚ್ಚು ಹಿಡಿಯಿತೇನೋ ಎಂದು ಗಂಡ ಕನ್ನಡಿಯಲ್ಲಿ ನೋಡಿರಬೇಕು.

ನಗರದ ಆಸ್ಪತ್ರೆಯ ಕಿಡ್ನಿ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಬೆರಳು ನೋಡಿದರು, ರಕ್ತ ತೆಗೆಸಿದರು. ವರದಿ ಬರುವವರೆಗೂ ನಾನು ಹೊರಗಿನ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದೆ. ಒಳಗೆ ಕರೆದಾಗ ಅವರು ಮೊದಲು ಹೇಳಿದ್ದೇ, "ರಿಜೆಕ್ಷನ್ ಅಲ್ಲ. ಕಿಡ್ನಿ ಚೆನ್ನಾಗಿದೆ."

ನನ್ನ ಕಣ್ಣಲ್ಲಿ ನೀರು ಬಂತು.

"ಇದು ಗೌಟ್. ರಕ್ತದಲ್ಲಿ ಯೂರಿಕ್ ಆ್ಯಸಿಡ್ ಅನ್ನೋದು ಜಾಸ್ತಿಯಾಗಿದೆ. ಅದು ಹರಳುಗಟ್ಟಿ ಬೆರಳಿನ ಕೀಲಲ್ಲಿ ಕೂತಿದೆ. ಗಾಜಿನ ಪುಡಿ ಇದ್ದ ಹಾಗೆ."

"ಅದು ಕುಡಿಯೋ ಗಂಡಸರಿಗೆ ಬರೋದಲ್ವಾ ಡಾಕ್ಟ್ರೇ? ನಾನು ಮಾಂಸ ತಿನ್ನೋದೇ ಹಬ್ಬಕ್ಕೋ ಹುಣ್ಣಿಮೆಗೋ."

"ನೀವು ತಿಂದಿದ್ದಕ್ಕಿಂತ ನಾವು ಕೊಟ್ಟಿದ್ದೇ ಇದಕ್ಕೆ ಹೆಚ್ಚು ಕಾರಣ," ಎಂದರು. ಆಮೇಲೆ ನನ್ನ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿಸಿ ಒಂದೊಂದನ್ನೇ ಎತ್ತಿ ತೋರಿಸಿದರು. ಯೂರಿಕ್ ಆ್ಯಸಿಡ್ ದಿನಾ ನಮ್ಮೆಲ್ಲರ ಮೈಯಲ್ಲೂ ಹುಟ್ಟುತ್ತದೆ, ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ನನಗೆ ಕೆಲಸ ಮಾಡುತ್ತಿರುವುದು ಒಂದೇ ಕಿಡ್ನಿ. ಅದರ ಮೇಲೆ ಟ್ಯಾಕ್ರೋಲಿಮಸ್, ಅಂದರೆ ಕಾವಲುಗಾರರನ್ನು ಮಂಪರಿನಲ್ಲಿಡುವ ಮುಖ್ಯ ಮಾತ್ರೆ, ಯೂರಿಕ್ ಆ್ಯಸಿಡ್ಡನ್ನು ಹೊರಗೆ ಬಿಡದೆ ಹಿಡಿದಿಡುವಂತೆ ಮಾಡುತ್ತದೆ. ಕಾಲು ಊದದಿರಲೆಂದು ಕೊಟ್ಟ ನೀರಿನ ಮಾತ್ರೆಯದೂ ಅದೇ ಗುಣ. ಇಬ್ಬರೂ ಸೇರಿ ಬಾಗಿಲು ಹಾಕಿದ್ದಾರೆ.

"ಹಾಗಾದ್ರೆ ಆ ಟ್ಯಾಕ್ರೋ ನಿಲ್ಲಿಸ್ಬಿಡಿ ಮೇಡಂ," ಎಂದರು ನನ್ನ ಗಂಡ.

"ಅದನ್ನ ನಿಲ್ಲಿಸಿದ್ರೆ ಕಿಡ್ನಿನೇ ಉಳಿಯಲ್ಲ."

ಅವರು ನೀರಿನ ಮಾತ್ರೆ ನಿಲ್ಲಿಸಿದರು. ಬಿಪಿ ಮಾತ್ರೆಯನ್ನು ಬದಲಿಸಿ, ಯೂರಿಕ್ ಆ್ಯಸಿಡ್ಡನ್ನು ಸ್ವಲ್ಪ ಹೊರಗೆ ತಳ್ಳುವ ಇನ್ನೊಂದನ್ನು ಕೊಟ್ಟರು. ನೋವಿಗೆಂದು, ನಾನು ದಿನಾ ನುಂಗುವ ಸ್ಟೀರಾಯ್ಡ್ ಪ್ರಮಾಣವನ್ನು ಕೆಲವು ದಿನದ ಮಟ್ಟಿಗೆ ಏರಿಸಿದರು. ಕೊನೆಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಇದನ್ನ ಗಮನ ಇಟ್ಟು ಕೇಳಿ. ಯೂರಿಕ್ ಆ್ಯಸಿಡ್ ಇಳಿಸೋ ಮಾತ್ರೆ ಎಲ್ಲಾ ಕಡೆ ಸಿಗುತ್ತೆ. ಯಾರಾದ್ರೂ ಕೊಟ್ಟೇ ಕೊಡ್ತಾರೆ. ನೀವು ತಗೋಬೇಡಿ," ಎಂದರು. ಆ ಕಾವಲುಗಾರರಿಗೆಂದೇ ನಾನು ನುಂಗುವ ಅಜಾಥಯೋಪ್ರಿನ್ ಎಂಬ ಇನ್ನೊಂದು ಮಾತ್ರೆಗೂ ಅದಕ್ಕೂ ಆಗಿಬರುವುದಿಲ್ಲವಂತೆ. ಎರಡೂ ಕೂಡಿದರೆ ಅಜಾಥಯೋಪ್ರಿನ್ ಮೈಯಲ್ಲಿ ಕರಗದೆ ಉಳಿದು, ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಹಾಳು ಮಾಡುತ್ತದಂತೆ. "ಬಿಳಿ ರಕ್ತಕಣ ನೆಲ ಕಚ್ಚುತ್ತೆ. ಆಮೇಲೆ ಒಂದು ನೆಗಡಿ ಸಾಕು."

ಕಿಡ್ನಿ ಚೆನ್ನಾಗಿದೆ ಎಂದು ಕೇಳಿದ ಸಮಾಧಾನ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಆರಿಹೋಗಿತ್ತು. ಬರುವಾಗ ಇದ್ದದ್ದು ಕಾಯಿಲೆಯ ಹೆದರಿಕೆ. ಹೋಗುವಾಗ ನನ್ನ ತೊಡೆಯ ಮೇಲಿದ್ದ ಮಾತ್ರೆಯ ಚೀಲವನ್ನು ನೋಡಿಯೇ ಹೆದರುತ್ತಿದ್ದೆ. ಉಳಿಸುವುದೂ ಅದೇ, ಕಾಲು ಹಿಡಿದು ಕೆಡವುವುದೂ ಅದೇ, ಜೊತೆಗೆ ತಮ್ಮತಮ್ಮೊಳಗೇ ಜಗಳ ಬೇರೆ.

ಸ್ಟೀರಾಯ್ಡ್ ಕೆಲಸ ಮಾಡಿತು. ನಾಲ್ಕಾರು ದಿನದಲ್ಲಿ ಊತ ಇಳಿದು, ನನ್ನ ಗಂಡನ ದೊಡ್ಡ ಚಪ್ಪಲಿ ಹಾಕಿಕೊಂಡು ಡೈರಿಗೆ ಹೋದೆ. ಹೆಂಗಸರೆಲ್ಲ ಬೆರಳು ನೋಡಿದರು. ಒಬ್ಬರು ಬೇಳೆ ಬಿಡಿ ಅಂದರು, ಇನ್ನೊಬ್ಬರು ಟೊಮ್ಯಾಟೊ ಬಿಡಿ ಅಂದರು, ಮತ್ತೊಬ್ಬರು ಹುರುಳಿ ಸಾರಿನ ವಾಸನೆಯನ್ನೂ ನೋಡಬೇಡಿ ಅಂದರು. ಮಾರನೇ ದಿನ ಒಬ್ಬಾಕೆ ಸೆರಗಿನ ತುದಿಯಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಬಿಚ್ಚಿ ನನ್ನ ಮುಂದಿಟ್ಟಳು.

"ನಮ್ಮನೆಯವ್ರಿಗೂ ಇದೇ ನೋವು ಮೇಡಂ. ಇದ್ರಾಗೆ ವಾಸಿ ಆಗೋಯ್ತು. ನಿಮ್ಗೂ ಎರಡು ಮಡಗಿವ್ನಿ."

ಹೆಸರು ಓದಿದೆ. ಡಾಕ್ಟರು ಹೇಳಿದ ಅದೇ ಮಾತ್ರೆ. ಹಾವು ಕಂಡವಳಂತೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಅವಳು ಪೆಚ್ಚಾದಳು. ನಾನು ಹೇಗೋ ವಿವರಿಸಿದೆ, ನನ್ನದು ಬೇರೆ ಥರದ ಮೈ, ಇದು ಆಗಿಬರಲ್ಲ ಎಂದೆ. ಅವಳು ಮಾತ್ರೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, "ಹೋಗ್ಲಿ ಬಿಡಿ. ಹುಳಿ ಹಣ್ಣಾದ್ರೂ ತಿನ್ನಿ. ಆ ಹರಳನ್ನ ಹುಳಿನೇ ಕರಗ್ಸೋದು. ನಮ್ಮನೆಯವ್ರು ದಿನಾ ನಿಂಬೆರಸ ಕುಡೀತಾರೆ," ಎಂದಳು.

ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆಯ ಮುಖ ಅರಳಿತು. ನೋವು ಶುರುವಾದಾಗಿನಿಂದ ಅವರಿಗೆ ಏನೂ ಮಾಡಲಾಗದ ಸಂಕಟ. ಬೇಳೆ ಹಾಕದೆ ಸಾರು ಮಾಡಲು ಹೋಗಿ ದಿನಾ ಸೋಲುತ್ತಿದ್ದರು. "ಹುಳಿ ಹಣ್ಣಿಗೆ ಊರೂರು ಅಲೀಬೇಕೇನವ್ವಾ? ಹಿತ್ಲಾಗೆ ಮರ ಜಗ್ಗಿಕೊಂಡು ನಿಂತೈತೆ," ಎಂದರು.

ನಮ್ಮ ಹಿತ್ತಿಲಲ್ಲಿ ಚಕ್ಕೋತದ ಮರವಿದೆ. ಈ ಸೀಮೆಯಲ್ಲಿ ಅದು ಅಪರೂಪವೇನಲ್ಲ, ಹಳೇ ಮನೆಗಳ ಹಿಂದೆಲ್ಲ ಒಂದೊಂದು ಇತ್ತು. ಜಮೀನುಗಳು ಲೇಔಟ್ ಆದಮೇಲೆ ಕಡಿಮೆಯಾದವು. ಎಳೆಮಗುವಿನ ತಲೆಯಷ್ಟು ದಪ್ಪದ ಕಾಯಿ. ಅದುವರೆಗೆ ಹುಳಿಯೆಂದು ನಾನು ಅದರ ಗೊಡವೆಗೇ ಹೋಗಿರಲಿಲ್ಲ. ಅತ್ತೆ ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಬಾವಿಕಟ್ಟೆಯ ಮೇಲೆ ಕೂತು, ಬೆರಳಿನಷ್ಟು ದಪ್ಪದ ಸಿಪ್ಪೆಯನ್ನು ಕುಡುಗೋಲಿನಿಂದ ಸೀಳಿ, ಒಳಗಿನ ಬಿಳಿ ಹತ್ತಿಯನ್ನು ತೆಗೆದು, ಒಂದೊಂದು ತೊಳೆಯ ಪೊರೆಯನ್ನೂ ಬಿಡಿಸಿ, ನಸುಗೆಂಪು ಹಣ್ಣನ್ನು ಬಟ್ಟಲಿಗೆ ಹಾಕುತ್ತಿದ್ದರು. ಮೇಲೆ ಚಿಟಿಕೆ ಉಪ್ಪು, ಖಾರದಪುಡಿ. "ತಿನ್ನವ್ವ, ಒಂದೂ ಬಿಡಬೇಡ." ನಾನು ತಿನ್ನುತ್ತಿದ್ದೆ. ಹುಳಿಗೆ ಕಣ್ಣು ಮುಚ್ಚಿಹೋಗುತ್ತಿತ್ತು, ಆಮೇಲೆ ಸಣ್ಣದೊಂದು ಸಿಹಿ ಬರುತ್ತಿತ್ತು. ಎಷ್ಟೋ ವರ್ಷದ ಮೇಲೆ ನನ್ನ ಬಾಯಿಗೆ ರುಚಿ ಹತ್ತಿತ್ತು. ಬೆರಳಿನ ಕೆಂಪು ಪೂರ್ತಿ ಹೋಯಿತು. ಚಕ್ಕೋತದಿಂದಲೇ ಹೋಯಿತು ಎಂದು ನಾವು ನಂಬಿದೆವು. ಅತ್ತೆ ಬೀದಿಯವರಿಗೆಲ್ಲ ಹೇಳಿದರು.

ಸುಮಾರು ಎರಡು ವಾರ ಹೀಗೇ ಕಳೆಯಿತು.

ಒಂದು ಸಂಜೆ ಡೈರಿಯಲ್ಲಿ ಸ್ಯಾಂಪಲ್ ಬಾಟಲಿಗೆ ಹಾಲು ಹುಯ್ಯುವಾಗ ಹಾಲು ಮೇಜಿನ ಮೇಲೆ ಚೆಲ್ಲಿತು. ಮತ್ತೆ ಹುಯ್ದೆ, ಮತ್ತೆ ಚೆಲ್ಲಿತು. ಕೈ ನೋಡಿಕೊಂಡೆ. ಬೆರಳುಗಳು ತಂತಾವೇ ಅದುರುತ್ತಿದ್ದವು.

"ಯಾಕ್ ಮೇಡಂ ಕೈ ಹಿಂಗ್ ನಡುಗ್ತೈತೆ?" ಎಂದು ಎದುರಿಗಿದ್ದವಳು ಕೇಳಿದಳು.

"ಊಟ ಮಾಡಿಲ್ಲ, ಅದಕ್ಕೆ," ಎಂದೆ. ಊಟ ಮಾಡಿದ್ದೆ.

ಮರುದಿನ ತಲೆನೋವು ಬಂತು. ಅದರ ಮರುದಿನ ಕಾಲ್ಗೆಜ್ಜೆ ಚರ್ಮಕ್ಕೆ ಒತ್ತಿ ಗುರುತು ಬಿದ್ದಿತ್ತು. ಮೂತ್ರ ಕಡಿಮೆಯಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು, ಆದರೆ ನೀರಿನ ಮಾತ್ರೆ ನಿಲ್ಲಿಸಿದ್ದಕ್ಕೆ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ಗಂಡನಿಗೆ ಹೇಳುವ ಧೈರ್ಯ ಬಂದದ್ದು ಮುಖ ಊದಿದ ಮೇಲೆ. ಅವರು ಕೂಡಲೇ ಬೈಕ್ ತೆಗೆದರು. ದೇವನಹಳ್ಳಿಯ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆವು. ಸಂಜೆ ವರದಿ ಫೋನಿಗೆ ಬಂತು. ಕ್ರಿಯಾಟಿನಿನ್ ಏರಿತ್ತು. ಕಿಡ್ನಿ ಎಷ್ಟು ಸೋಲುತ್ತಿದೆ ಎಂದು ಹೇಳುವ ಅಂಕಿ ಅದು. ಡಯಾಲಿಸಿಸ್ ಕಾಲದಿಂದ ನನಗದು ಚೆನ್ನಾಗಿ ಗೊತ್ತು. ಎರಡು ವರ್ಷ ಒಂದೇ ಕಡೆ ನಿಂತಿದ್ದದ್ದು ಈಗ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಯೂರಿಕ್ ಆ್ಯಸಿಡ್ ಕೂಡ ಮೊದಲಿಗಿಂತ ಮೇಲೇರಿತ್ತು.

ಡಾಕ್ಟರಿಗೆ ಫೋನು ಮಾಡಿದೆವು. "ನಾಳೆ ಬೆಳಿಗ್ಗೆ ಬಂದು ಅಡ್ಮಿಟ್ ಆಗಿ. ಬೆಳಗಿನ ಟ್ಯಾಕ್ರೋ ನುಂಗಬೇಡಿ, ರಕ್ತ ಕೊಟ್ಟಮೇಲೆ ನೋಡೋಣ," ಎಂದರು. ದನಿಯಲ್ಲಿ ಏನಾದರೂ ಸಿಗುತ್ತದೇನೋ ಎಂದು ಕಿವಿಗೊಟ್ಟೆ. ಏನೂ ಸಿಗಲಿಲ್ಲ.

ಅಕ್ಕನಿಗೆ ಹೇಳಬೇಕಿತ್ತು. ನಾನು ಫೋನು ಮಾಡುವ ಮೊದಲೇ ಅವಳದೇ ಬಂತು.

"ನಂದು ಹೆಂಗೈತೆ?"

ಅಂಕಿ ಏರಿದೆ, ನಾಳೆ ಅಡ್ಮಿಟ್ ಆಗಬೇಕಂತೆ ಎಂದೆ. "ಯಾವ ಆಸ್ಪತ್ರೆ? ಅದೇನಾ? ಬರ್ತೀನಿ ಇರು," ಎಂದು ಇಟ್ಟುಬಿಟ್ಟಳು.

ಬೆಳಿಗ್ಗೆ ವಾರ್ಡಿನಲ್ಲಿ ನನಗೆ ಕೊಟ್ಟ ಹಾಸಿಗೆ ಡಯಾಲಿಸಿಸ್ ಕೋಣೆಯ ಪಕ್ಕದಲ್ಲೇ ಇತ್ತು. ಯಂತ್ರ ಬೀಪ್ ಅಂದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ನನ್ನ ಎಡಗೈಯಲ್ಲಿ ಹಿಂದೆ ಡಯಾಲಿಸಿಸ್‌ಗೆಂದು ರಕ್ತನಾಳ ಕೂಡಿಸಿದ್ದ ಜಾಗ ಇನ್ನೂ ಇದೆ, ಮುಟ್ಟಿದರೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಎರಡು ವರ್ಷ ಅದನ್ನು ಮರೆತಿದ್ದೆ. ಆವತ್ತು ಬೇಡಬೇಡವೆಂದರೂ ಬೆರಳು ಅಲ್ಲಿಗೇ ಹೋಗುತ್ತಿತ್ತು. ಆ ದಪ್ಪ ಸೂಜಿಗಳು, ಲೆಕ್ಕ ಹಾಕಿ ಕುಡಿಯುವ ನೀರು, ಮನೆಗೆ ಬಂದ ಮೇಲಿನ ಆ ಸುಸ್ತು, ಎಲ್ಲ ಮತ್ತೆ ಬರುತ್ತಿದೆ ಎಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ.

ಡಾಕ್ಟರು ಬಂದು, ರಿಜೆಕ್ಷನ್ ಇರಬಹುದು, ಇಲ್ಲದೆಯೂ ಇರಬಹುದು, ಮಾತ್ರೆಯ ಮಟ್ಟ ನೋಡೋಣ, ಬೇಕಾದರೆ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷೆ ಮಾಡೋಣ ಎಂದರು. ಈ ಸಲ ಆ ಪದದ ಜೊತೆ 'ಅಲ್ಲ' ಎಂಬುದಿರಲಿಲ್ಲ. "ಹೊಸದಾಗಿ ಯಾವ್ದಾದ್ರೂ ಔಷಧಿ ತಗೊಂಡ್ರಾ? ನಾಟಿ ಔಷಧಿ, ಕಷಾಯ, ಪುಡಿ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ನೀವು ಬೇಡ ಅಂದ ಮಾತ್ರೆ ಒಬ್ರು ಕೊಡೋಕೆ ಬಂದ್ರು, ಮುಟ್ಟಲಿಲ್ಲ."

ಅದು ನಿಜ. ಹಣ್ಣು ಔಷಧಿ ಎಂದು ನನಗೆ ಹೊಳೆಯಲೇ ಇಲ್ಲ.

ಅಕ್ಕ ಬಂದಾಗ ಬಿಸಿಲೇರಿತ್ತು. ಬಸ್ಸು ಬದಲಿಸಿ ಬಂದಿದ್ದಳು, ಕಾಲಲ್ಲಿ ತೋಟದ ಮಣ್ಣು ಹಾಗೇ ಇತ್ತು. ಬಂದವಳೇ ನನ್ನ ಊದಿದ ಮುಖ ನೋಡಿ, ಕುರ್ಚಿ ಎಳೆದುಕೊಂಡು ಕೂತಳು.

"ನಿಂದು ಹಾಳು ಮಾಡ್ಬಿಟ್ಟೆ ಅಕ್ಕ," ಎಂದೆ.

"ಕೊಟ್ಮೇಲೆ ಅದು ನಂದ್ಯಾಕಾಗುತ್ತೆ? ಸುಮ್ಕಿರು."

"ದಿನಾ ಫೋನಾಗೆ ನಂದು ನಂದು ಅಂತೀಯ."

"ಅದು ಬಾಯ್ಮಾತು ಕಣೇ." ಅವಳು ಎಲೆಯಡಿಕೆಯ ಚೀಲ ಬಿಚ್ಚಿದಳು, ಆಸ್ಪತ್ರೆಯೆಂದು ನೆನಪಾಗಿ ಮತ್ತೆ ಕಟ್ಟಿದಳು. ನರ್ಸು ಬಂದು ಪರೀಕ್ಷೆಯ ಸೂಜಿಯ ಬಗ್ಗೆ ಹೇಳುವಾಗ ಎದ್ದು ಹೊರಗೆ ಹೋದಳು. ಬಾಗಿಲ ಸಂದಿಯಲ್ಲಿ ನನಗೆ ಕಾಣುತ್ತಿತ್ತು. ಕಾರಿಡಾರಿನ ಗೋಡೆಗೆ ಒರಗಿ, ಸೆರಗಿನ ಕೆಳಗೆ ತನ್ನ ಪಕ್ಕೆಯ ಮೇಲಿನ ಹೊಲಿಗೆಯ ಗುರುತನ್ನು ಒತ್ತಿ ಹಿಡಿದು ನಿಂತಿದ್ದಳು. ಅಕ್ಕ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗ ನನಗೆ ಇನ್ನೂ ಭಯವಾಯಿತು.

ಮಧ್ಯಾಹ್ನ ನನ್ನ ಗಂಡ ಅತ್ತೆಯನ್ನು ಕರೆತಂದರು. ಅತ್ತೆ ಊಟದ ಬುತ್ತಿ ತಂದಿದ್ದರು. ಅನ್ನ, ಉಪ್ಪಿಲ್ಲದ ಸೋರೆಕಾಯಿ ಪಲ್ಯ, ಮೇಲಿನ ಡಬ್ಬಿಯಲ್ಲಿ ಬಿಡಿಸಿದ ಚಕ್ಕೋತದ ತೊಳೆಗಳು. ಅವರು ಅದರ ಮುಚ್ಚಳ ತೆಗೆದು ನನ್ನ ಕೈಗೆ ಕೊಡುತ್ತಿರುವಾಗಲೇ ಡಾಕ್ಟರು ಒಳಗೆ ಬಂದರು. ಹಾಸಿಗೆಯ ಪಕ್ಕ ಬಂದವರು ಡಬ್ಬಿ ನೋಡಿ ನಿಂತರು.

"ಏನಮ್ಮಾ ಇದು?"

"ಚಕ್ಕೋತ ಕಣವ್ವಾ, ನಮ್ಮ ಹಿತ್ಲಿಂದು," ಎಂದು ಅತ್ತೆ ಖುಷಿಯಿಂದ ಹೇಳಿದರು. "ಇವ್ಳ ಬೆರಳ್ನೋವಿಗೆ ಒಳ್ಳೇದಂತೆ. ದಿನಾ ಒಂದು ಹಣ್ಣು ಬಿಡಿಸ್ಕೊಡ್ತೀನಿ. ನೀವೂ ಒಂದು ತೊಳೆ ತಿನ್ನಿ."

ಡಾಕ್ಟರು ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮುಚ್ಚಳ ಹಾಕಿದರು. "ದಿನಾನಾ? ಎಷ್ಟು ದಿನದಿಂದ?" ಎಂದು ನನ್ನನ್ನು ಕೇಳಿದರು. ಹೇಳಿದೆ.

"ಆಪರೇಷನ್ ಆದಾಗ ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಹೇಳಿದ್ವಲ್ಲ?"

"ಹೌದು ಡಾಕ್ಟ್ರೇ," ಎಂದರು ನನ್ನ ಗಂಡ. "ಅವತ್ತಿಂದ ನಮ್ಮನೇಲಿ ದ್ರಾಕ್ಷಿ ತಂದೇ ಇಲ್ಲ. ಪಕ್ಕದ ತೋಟದೋರು ಬುಟ್ಟಿ ಬುಟ್ಟಿ ಕೊಡೋಕೆ ಬಂದ್ರೂ ಬೇಡ ಅಂದಿದೀವಿ."

ಡಾಕ್ಟರು ಅಕ್ಕ ಕೂತಿದ್ದ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ಅದುವರೆಗೆ ವಾರ್ಡಿನಲ್ಲಿ ನೋಡಿರಲಿಲ್ಲ. "ದ್ರಾಕ್ಷಿ ಅಲ್ಲಮ್ಮ. ಅದು ಬೇರೆ ಹಣ್ಣು, ಚಕ್ಕೋತದ ಜಾತಿದು. ಚಕ್ಕೋತಾನೂ ಅದೇ ಕೆಲಸ ಮಾಡುತ್ತೆ. ನಾವು ಹೆಸರು ಹೇಳಿ ಬಿಟ್ವಿ, ನಿಮ್ಮ ಹಿತ್ತಿಲಲ್ಲಿ ಏನಿದೆ ಅಂತ ಕೇಳಲಿಲ್ಲ."

ಅವರು ವಿವರಿಸಿದ್ದು ಇಷ್ಟು. ಟ್ಯಾಕ್ರೋಲಿಮಸ್ ಮಾತ್ರೆಯನ್ನು ಕರುಳು ಮತ್ತು ಯಕೃತ್ತು ಬೇಗ ಬೇಗ ಒಡೆದು ಹಾಕುತ್ತವೆ, ಅದನ್ನು ಲೆಕ್ಕ ಹಿಡಿದೇ ಪ್ರಮಾಣ ಕೊಟ್ಟಿರುತ್ತಾರೆ. ಚಕ್ಕೋತದಲ್ಲಿರುವ ಏನೋ ಒಂದು ಅಂಶ ಹಾಗೆ ಒಡೆಯುವುದನ್ನು ತಡೆಯುತ್ತದೆ. ಮಾತ್ರೆ ಅಷ್ಟೇ ನುಂಗಿದರೂ ರಕ್ತದಲ್ಲಿ ಅದು ಏರುತ್ತಾ ಹೋಗುತ್ತದೆ. ಏರಿದರೆ ಕೈ ನಡುಕ, ತಲೆನೋವು. ಕಾಪಾಡಬೇಕಾದ ಕಿಡ್ನಿಯನ್ನೇ ಅದು ಹಿಂಡುತ್ತದೆ. ಜೊತೆಗೆ ಯೂರಿಕ್ ಆ್ಯಸಿಡ್ಡನ್ನೂ ಹೆಚ್ಚು ಮಾಡುತ್ತದೆ. ಯಾವುದನ್ನು ಕರಗಿಸಲೆಂದು ನಾನು ತಿನ್ನುತ್ತಿದ್ದೆನೋ ಅದನ್ನೇ ಕೂಡಿಹಾಕುತ್ತಿದ್ದೆ.

"ಹಾಗಾದ್ರೆ ರಿಜೆಕ್ಷನ್ ಅಲ್ವಾ?" ಎಂದು ಅಕ್ಕ ಕೇಳಿದಳು.

"ಇನ್ನೂ ಹೇಳೋಕಾಗಲ್ಲ. ಮಟ್ಟದ ರಿಪೋರ್ಟ್ ಬರಲಿ."

ಆ ಮಧ್ಯಾಹ್ನದ ಹಾಗೆ ನಾನು ಯಾವತ್ತೂ ಕಾದಿಲ್ಲ. ಮಾತ್ರೆಯ ಮಟ್ಟ ಹೆಚ್ಚಿದ್ದರೆ ಉಳಿಯುವ ದಾರಿ ಇತ್ತು. ಮಟ್ಟ ಸರಿಯಾಗಿಯೇ ಇದ್ದರೆ ಸೂಜಿ, ಆಮೇಲೆ ಇನ್ನೇನೋ. ನನ್ನ ರಕ್ತದಲ್ಲಿ ವಿಷ ಏರಿರಲಿ ದೇವರೇ ಎಂದು ಬೇಡಿಕೊಳ್ಳುತ್ತಾ ಮಲಗಿದ್ದೆ. ಅತ್ತೆ ವಾರ್ಡಿನಲ್ಲಿ ಕಾಣಲಿಲ್ಲ. ಕಾರಿಡಾರಿನ ಕೊನೆಯಲ್ಲಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಾರೆ, ಕರೆದರೂ ಒಳಗೆ ಬರುತ್ತಿಲ್ಲ ಎಂದು ಗಂಡ ಹೇಳಿದರು. ಅಕ್ಕ ಎದ್ದು ಹೋದಳು. ಅವಳ ದನಿ ದೊಡ್ಡದು, ಇಡೀ ವಾರ್ಡಿಗೆ ಕೇಳುತ್ತಿತ್ತು.

"ನನ್ ಕೈಯಾರೆ ತಿನ್ನಿಸ್ಬಿಟ್ನಲ್ಲವ್ವಾ. ನಿನ್ ಕಿಡ್ನಿಗೆ ನಾನೇ ಮಣ್ಣಾಕ್ಬಿಟ್ಟೆ," ಎಂದು ಅತ್ತೆ ಅಳುತ್ತಿದ್ದದ್ದೂ ಕೇಳಿಸಿತು.

"ಏನ್ ಮಾತಾಡ್ತೀರಿ? ಓದಿದ ಡಾಕ್ಟ್ರಿಗೇ ಈಗ ಹೊಳೀತು. ನೀವು ಡಬ್ಬಿ ತರ್ದೇ ಇದ್ದಿದ್ರೆ ಇನ್ನೂ ಒಂದು ವಾರ ತಡಕಾಡ್ತಿದ್ರು. ಏಳಿ, ಒಳಗ್ ಬನ್ನಿ. ಅವ್ಳು ಒಬ್ಳೇ ಅವ್ಳೆ."

ಅತ್ತೆ ಬಂದು ನನ್ನ ಕಾಲ ಬುಡದಲ್ಲಿ ಕೂತರು. ಹೆಬ್ಬೆರಳನ್ನು ಮುಟ್ಟಲಿಲ್ಲ, ಹಿಮ್ಮಡಿಯನ್ನು ಹಿಡಿದುಕೊಂಡರು.

ಸಂಜೆ ವರದಿ ಬಂತು. ಟ್ಯಾಕ್ರೋ ಇರಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಮೇಲಿತ್ತು. ಡಾಕ್ಟರು ಆ ಮಾತ್ರೆಯನ್ನು ಮೂರ್ನಾಲ್ಕು ಹೊತ್ತು ನಿಲ್ಲಿಸಿದರು, ಸೂಜಿಯ ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು. ನಮ್ಮೆಲ್ಲರಿಗೂ ಗೆದ್ದಂತಾಯಿತು. ಮರುದಿನ ಕ್ರಿಯಾಟಿನಿನ್ ಕೂದಲೆಳೆಯಷ್ಟೂ ಇಳಿಯಲಿಲ್ಲ. ಡಾಕ್ಟರು ತಲೆಯಾಡಿಸಿ ಹೋದರು. ಆ ದಿನವನ್ನು ಹೇಗೆ ಕಳೆದೆನೋ ನನಗೆ ಸರಿಯಾಗಿ ನೆನಪಿಲ್ಲ. ಅಕ್ಕ ನನಗೆ ತಲೆ ಬಾಚಿ ಜಡೆ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಅದರ ಮಾರನೇ ಬೆಳಿಗ್ಗೆ ನರ್ಸು ಮೂತ್ರದ ಪಾತ್ರೆ ನೋಡಿ, "ಅಮ್ಮಾ, ಚೆನ್ನಾಗಿ ಹೋಗಿದೆ," ಎಂದು ನಕ್ಕಳು. ರಕ್ತದ ಅಂಕಿಯೂ ಇಳಿಯತೊಡಗಿತು. ಕೈಯ ನಡುಕ ನಿಂತಿತು. ಮನೆಗೆ ಕಳಿಸುವ ಹೊತ್ತಿಗೆ ಆ ಅಂಕಿ ಹಳೆಯ ಜಾಗಕ್ಕೆ ಹತ್ತಿರ ಬಂದಿತ್ತು. ಪೂರ್ತಿ ಹಳೆಯ ಜಾಗಕ್ಕೆ ಇವತ್ತಿಗೂ ಬಂದಿಲ್ಲ.

ಯೂರಿಕ್ ಆ್ಯಸಿಡ್ ಮಾತ್ರ ಹಾಗೇ ಉಳಿದಿತ್ತು. ಅದನ್ನು ಹಾಗೇ ಬಿಟ್ಟರೆ ಬೆರಳಿಗಷ್ಟೇ ಅಲ್ಲ, ಕಿಡ್ನಿಗೂ ಒಳ್ಳೆಯದಲ್ಲ ಎಂದರು ಡಾಕ್ಟರು. ಅದಕ್ಕಾಗಿ ಮೊದಲು ಅಜಾಥಯೋಪ್ರಿನ್ ತೆಗೆದರು. ಅದರ ಬದಲಿಗೆ ಕೊಟ್ಟದ್ದು ಆಪರೇಷನ್ ಆದ ಹೊಸದರಲ್ಲಿ ಕೊಟ್ಟು, ನನಗೆ ಭೇದಿಯಾಯಿತೆಂದು ನಿಲ್ಲಿಸಿದ್ದ ಔಷಧಿಯನ್ನೇ, ಆದರೆ ಹೊಟ್ಟೆಗೆ ಹಗುರಾದ ರೂಪದಲ್ಲಿ. ಈ ಸಲ ಒಗ್ಗಿತು. ಕೆಲವು ವಾರ ಬಿಟ್ಟು, ಯೂರಿಕ್ ಆ್ಯಸಿಡ್ ಇಳಿಸುವ ಮಾತ್ರೆಯನ್ನು ತೀರಾ ಸಣ್ಣ ಪ್ರಮಾಣದಲ್ಲಿ ಬರೆದರು.

ಡೈರಿಯ ಹೆಂಗಸು ಸೆರಗಿನಿಂದ ಬಿಚ್ಚಿ ಕೊಟ್ಟ ಅದೇ ಹೆಸರು. ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಎಷ್ಟೋ ಹೊತ್ತು ನಿಂತೆ. ಈಗ ತೆಗೆದುಕೊಳ್ಳಬಹುದು ಎಂದು ಬುದ್ಧಿಗೆ ಗೊತ್ತಿತ್ತು. ಬಾಯಿ ತೆರೆಯುತ್ತಿರಲಿಲ್ಲ. ಅತ್ತೆ ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಡಾಕ್ಟ್ರಿಗೆ ಇನ್ನೊಂದ್ಸಲ ಕೇಳಾನಾ?" ಎಂದರು. ಫೋನು ಮಾಡಿದೆವು. "ತಗೊಳ್ಳಿ ಅಮ್ಮಾ, ನಾನಿದೀನಿ," ಎಂದರು ಆ ಮಾತು ಕಡಿಮೆಯ ಡಾಕ್ಟರು. ನುಂಗಿದೆ. ಆಮೇಲೆ ಒಂದು ಸಲ ಬೆರಳು ಮತ್ತೆ ಕೆಂಪಾಯಿತು, ಹಾಗಾಗಬಹುದು ಎಂದು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ನಿಧಾನವಾಗಿ ಅಂಕಿ ಇಳಿಯಿತು. ಬಿಳಿ ರಕ್ತಕಣವೂ ಸರಿಯಾಗಿತ್ತು. ನನ್ನ ಚಪ್ಪಲಿ ಮತ್ತೆ ನನ್ನ ಕಾಲಿಗೆ ಸರಿಯಾಯಿತು.

ಅತ್ತೆ ಮರ ಕಡಿಸುತ್ತೇನೆಂದು ಹಟ ಹಿಡಿದರು. ಬೇಡವೆಂದೆ. ಅದೇನು ಮಾಡಿತು ಪಾಪ. ಈಗ ಹಣ್ಣೆಲ್ಲ ಬೀದಿಯವರಿಗೆ ಹೋಗುತ್ತದೆ. ಕೊಡುವ ಮುಂಚೆ ಅತ್ತೆ ಪ್ರತಿಯೊಬ್ಬರನ್ನೂ, "ನೀವೇನಾದ್ರೂ ಮಾತ್ರೆ ನುಂಗ್ತೀರಾ?" ಎಂದು ಕೇಳುತ್ತಾರೆ. ಬಿಪಿಗೆ ನುಂಗ್ತೀನಿ ಅಂದರೂ ಕೊಡುವುದಿಲ್ಲ, ಡಾಕ್ಟರನ್ನು ಕೇಳಿಕೊಂಡು ಬನ್ನಿ ಎನ್ನುತ್ತಾರೆ.

ಅಕ್ಕ ಆಸ್ಪತ್ರೆಯಲ್ಲಿ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದಳಂತೆ. ಮೊನ್ನೆ ಜನ ಕಡಿಮೆಯಿರುವ ದಿನ ನೋಡಿ ಎಲ್ಲರೂ ಹೋದೆವು. ಗುಂಪಿನಲ್ಲಿ ಸೋಂಕು ತಗುಲೀತೆಂದು ನಾನು ಮಾಸ್ಕ್ ಹಾಕಿಕೊಂಡು ಕಾರಿನಲ್ಲೇ ಕೂತಿದ್ದೆ. ಅಕ್ಕನೂ ಅತ್ತೆಯೂ ಒಳಗೆ ಹೋಗಿ, ಪೂಜೆ ಮಾಡಿಸಿ, ದೊನ್ನೆಯಲ್ಲಿ ಪ್ರಸಾದ ತಂದರು. ಪಂಚಾಮೃತ. ಹಣ್ಣಿನ ಚೂರುಗಳು ತೇಲುತ್ತಿದ್ದವು. ನಾನು ದೊನ್ನೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಾಳೆಹಣ್ಣು ಗುರುತು ಸಿಕ್ಕಿತು, ಖರ್ಜೂರ ಸಿಕ್ಕಿತು. ಒಂದು ಬೆಳ್ಳನೆಯ ಚೂರು ಏನೆಂದು ತಿಳಿಯಲಿಲ್ಲ. ಕಾಯಿಸದ ಹಾಲೋ, ಕಾಯಿಸಿದ್ದೋ, ಅದೂ ತಿಳಿಯಲಿಲ್ಲ. ದೇವರ ಪ್ರಸಾದ, ಬೇಡ ಅನ್ನಲು ನಾಲಗೆ ಬಾರದು. ತಿನ್ನಲು ಕೈ ಬಾರದು. ಅತ್ತೆ ನನ್ನ ಮುಖ ನೋಡುತ್ತಾ ನಿಂತರು.

ಅಕ್ಕ ಕಿಟಕಿಯಿಂದ ಕೈ ಹಾಕಿ ದೊನ್ನೆ ಕಿತ್ತುಕೊಂಡಳು. "ಕೊಡಿಲ್ಲಿ. ಒಂದು ಹನಿ ಕಣ್ಣಿಗೊತ್ಕೋ, ಸಾಕು. ಅವ್ನಿಗೂ ಗೊತ್ತೈತೆ," ಎಂದು ನನ್ನ ಪಾಲನ್ನೂ ಒಂದೇ ಗುಟುಕಿಗೆ ಕುಡಿದು, ಬೆರಳು ನೆಕ್ಕಿಕೊಂಡು, ಕಾರಿನೊಳಗೆ ನನ್ನ ಪಕ್ಕದಲ್ಲಿ ಒತ್ತಿಕೊಂಡು ಕೂತಳು.